ನೆಲದಡಿಯ ನೀರನ್ನು ಓದಬಲ್ಲವರು ಯಾರು?



ಸಿಂಧನೂರಿನಲ್ಲಿ ಬಸ್ಸು ಹತ್ತಿ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೊರಡಿ. ಎರಡು ತಾಸೂ ಬೇಡದ ಪ್ರಯಾಣ. ಹೊರಟಾಗ ಕಿಟಕಿಯಾಚೆ ಕಾಣುವುದು ಕಾಲುವೆ, ಎರೆಭೂಮಿ, ಭತ್ತದ ಗದ್ದೆ. ಮಸ್ಕಿಯ ಹತ್ತಿರ ಬಂದಂತೆ ಬಂಡೆಗಳ ಗುಡ್ಡ ಎದುರಾಗುತ್ತವೆ. ಲಿಂಗಸುಗೂರಿನ ಕಡೆಗೆ ಕಾಲುವೆ ಮುಟ್ಟದ ಹೊಲಗಳಲ್ಲಿ ತೊಗರಿ, ಸಜ್ಜೆ, ಅಲ್ಲಲ್ಲಿ ಕೊಳವೆ ಬಾವಿ. ಮೇಲಿನ ನೋಟ ಹೀಗೆ ಬದಲಾಗುವಾಗ ನೆಲದ ಕೆಳಗಿನ ನೀರಿನ ಕಥೆಯೂ ಬದಲಾಗುತ್ತದೆ. ಒಂದು ಕಡೆ ನೀರು ಮೇಲೇರಿ ತೊಂದರೆ ಕೊಡುತ್ತದೆ. ಇನ್ನೊಂದು ಕಡೆ ಕೆಳಗಿಳಿದು ತೊಂದರೆ ಕೊಡುತ್ತದೆ.

ಮಸ್ಕಿಯ ಬಂಡೆಯ ಮೇಲಿನ ಬರಹ ನಿಮಗೆ ಗೊತ್ತಿದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಅದು ಬಿತ್ತು. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಶೋಕನೇ ಎಂಬುದು ಅದನ್ನು ಓದಿದ ಮೇಲೆ ಖಚಿತವಾಯಿತು. ಬಂಡೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇತ್ತು, ಓದಬಲ್ಲವರು ಬೇಕಾಗಿತ್ತು. ಅಂತರ್ಜಲದ ವಿಷಯವೂ ಹಾಗೆಯೇ. ಅದನ್ನು ಓದಬಲ್ಲವರನ್ನು ನಮ್ಮ ದೇಶ ಹೇಗೆ ತಯಾರು ಮಾಡಿಕೊಂಡಿತು, ಇನ್ನೂ ಏನು ಉಳಿದಿದೆ ಎಂಬುದನ್ನು ಇಲ್ಲಿ ನೋಡೋಣ.

ಕಲ್ಲಿನೊಳಗಿನ ನೀರು

ನೆಲದಡಿಯಲ್ಲಿ ನೀರು ನದಿಯಂತೆ ಹರಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಗಂಗಾ ಬಯಲಿನಲ್ಲಿ ನೂರಾರು ಮೀಟರು ಆಳದವರೆಗೆ ಮರಳು, ಜೇಡಿಯ ಪದರಗಳಿವೆ. ಮರಳಿನ ಕಣಗಳ ನಡುವೆ ನೀರು ತುಂಬಿರುತ್ತದೆ. ನಮ್ಮ ರಾಯಚೂರು ಸೀಮೆಯಲ್ಲಿ ಇರುವುದು ಗ್ರಾನೈಟು, ನೈಸ್ ಮತ್ತು ಹಟ್ಟಿ-ಮಸ್ಕಿ ಪಟ್ಟಿಯ ಶಿಸ್ಟ್ ಶಿಲೆಗಳು. ಇವು ಗಟ್ಟಿ ಕಲ್ಲು. ತಮ್ಮೊಳಗೆ ನೀರು ಹಿಡಿಯುವುದಿಲ್ಲ. ನೀರು ನಿಲ್ಲುವುದು ಎರಡು ಕಡೆ ಮಾತ್ರ: ಮೇಲ್ಭಾಗದಲ್ಲಿ ಕಲ್ಲು ಶಿಥಿಲವಾಗಿ ಉಂಟಾದ ಗರಸಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ.

ಗರಸಿನ ದಪ್ಪ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಬಿರುಕುಗಳು ಎಲ್ಲಿವೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಆದುದರಿಂದಲೇ ಒಬ್ಬರ ಹೊಲದಲ್ಲಿ ನೀರು ಚಿಮ್ಮಿದರೆ, ಬದುವಿನಾಚೆಯ ಹೊಲದಲ್ಲಿ ಬರೀ ಕಲ್ಲುಪುಡಿ ಮೇಲೆ ಬರುತ್ತದೆ. ಆ ಪುಡಿಯ ಹಿಂದೆ ಒಂದು ಕುಟುಂಬದ ಸಾಲವಿರುತ್ತದೆ ಎಂಬುದನ್ನು ಮರೆಯಬಾರದು.

ಒಂದು ಸಣ್ಣ ಲೆಕ್ಕ

ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟಿನಿಂದ ಬಸಿದು ಬರಬಲ್ಲ ನೀರು ಅದರ ಗಾತ್ರದ ಸುಮಾರು ಶೇಕಡಾ 3 ಎಂದು ನಮ್ಮ ದೇಶದ ಅಂತರ್ಜಲ ಅಂದಾಜು ಪದ್ಧತಿಯಲ್ಲಿ ಇಟ್ಟುಕೊಳ್ಳಲಾಗಿದೆ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಒಂದು ಬಾವಿಯ ನೀರಿನ ಮಟ್ಟ 2 ಮೀಟರು ಏರಿತು ಎನ್ನೋಣ. ನೋಡುವವರಿಗೆ ಅದು ಬಹಳ ನೀರು. ಆದರೆ 2 ಮೀಟರಿನ ಶೇಕಡಾ 3 ಎಂದರೆ ಕೇವಲ 60 ಮಿಲಿಮೀಟರು. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಸಂಗ್ರಹವಾಗಿ ಉಳಿಯಿತು.

60 ಮಿಲಿಮೀಟರು ಎಂದರೆ ಒಂದು ಹೆಕ್ಟೇರಿಗೆ 600 ಘನ ಮೀಟರು ನೀರು. ಒಂದು ಹೆಕ್ಟೇರು ಭತ್ತದ ಬೆಳೆಗೆ ಸುಮಾರು 1,200 ಮಿಲಿಮೀಟರು, ಎಂದರೆ 12,000 ಘನ ಮೀಟರು ನೀರು ಹಾಯಿಸಬೇಕಾಗುತ್ತದೆ. ಗದ್ದೆಯಿಂದ ಒಂದಷ್ಟು ನೀರು ಮತ್ತೆ ಇಂಗುತ್ತದೆ ನಿಜ. ಆದರೂ ಕೊಳವೆ ಬಾವಿಯೊಂದರಿಂದಲೇ ಒಂದು ಹೆಕ್ಟೇರು ಭತ್ತ ಬೆಳೆಯಹೊರಟರೆ, ಇಪ್ಪತ್ತು ಹೆಕ್ಟೇರಿನ ಸಂಗ್ರಹದಷ್ಟು ನೀರನ್ನು ಎತ್ತಬೇಕಾಗುತ್ತದೆ. ಕಾಲುವೆ ಇಲ್ಲದ ಕಡೆ ಬಾವಿಗಳು ಏಕೆ ಬತ್ತುತ್ತವೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಕಾಲುವೆ ಇರುವ ಕಡೆ ಕಥೆ ಬೇರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಭೂಮಿಗೆ ಬಂದಿತು. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ನೀರಿನ ಮಟ್ಟ ನೆಲದ ಹತ್ತಿರಕ್ಕೆ ಏರಿದಾಗ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೆ ಬಂದು ಬಿಸಿಲಿಗೆ ಆವಿಯಾಗುತ್ತದೆ. ಉಪ್ಪು ಅಲ್ಲೇ ಉಳಿಯುತ್ತದೆ. ಇದೇ ನಮ್ಮವರು ಹೇಳುವ ಸವಳು-ಜವಳು. ಇದಕ್ಕೆ ಮದ್ದು ಬಸಿಗಾಲುವೆ ಮತ್ತು ಹಿತಮಿತವಾದ ನೀರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ದೀರ್ಘಕಾಲದಿಂದ ಅಧ್ಯಯನ ನಡೆದಿದೆ.

ಯಂತ್ರ ಒಂದಿದ್ದರೆ ಸಾಲದು

ನೆಲದಡಿಯ ನೀರನ್ನು ಹುಡುಕುವ ಆಸೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಮರ, ಹುತ್ತಗಳ ಗುರುತಿನಿಂದ ನೀರಿನ ನೆಲೆ ತಿಳಿಯುವ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಇಂದಿಗೂ ಕೆಲವರು ತೆಂಗಿನಕಾಯಿ, ಬೇವಿನ ಕವಲುಕಡ್ಡಿ ಹಿಡಿದು ಹೊಲದಲ್ಲಿ ನಡೆಯುತ್ತಾರೆ. ತೆಂಗಿನಕಾಯಿ ನೀರು ತೋರಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ವಿಜ್ಞಾನದ ವಿಧಾನಗಳಲ್ಲಿ ಒಂದು, ನೆಲದೊಳಗೆ ವಿದ್ಯುತ್ ಹಾಯಿಸಿ ಅದರ ರೋಧವನ್ನು ಅಳೆಯುವುದು. ಒಣ ಕರಿಗಲ್ಲಿನ ರೋಧ ಬಹಳ ಹೆಚ್ಚು. ನೀರು ಕುಡಿದ ಗರಸಿನ ರೋಧ ಕಡಿಮೆ. ಹಾಗಾದರೆ ರೋಧ ಕಡಿಮೆ ಬಂದಲ್ಲಿ ಕೊರೆದರೆ ಆಯಿತಲ್ಲ ಎಂದು ನೀವು ಕೇಳಬಹುದು. ಲಿಂಗಸುಗೂರಿನ ಗ್ರಾನೈಟಿನ ಹೊಲದಲ್ಲಿ ಅದು ಒಳ್ಳೆಯ ಸೂಚನೆಯೇ ಇರಬಹುದು. ಆದರೆ ಸಿಂಧನೂರಿನ ಸವಳು ಭೂಮಿಯಲ್ಲಿ ಉಪ್ಪುನೀರೂ ಜೇಡಿಯೂ ಅದೇ ಕಡಿಮೆ ಅಂಕಿಯನ್ನು ಕೊಡುತ್ತವೆ. ಯಂತ್ರ ಅಂಕಿಯನ್ನು ಮಾತ್ರ ಕೊಡುತ್ತದೆ. ಅದರ ಅರ್ಥ ಹೇಳಲು ಆ ನೆಲದ ಶಿಲೆ, ಮಣ್ಣು, ನೀರನ್ನು ಬಲ್ಲ ತರಬೇತಿ ಪಡೆದ ಮನುಷ್ಯ ಬೇಕು. ಯಂತ್ರವನ್ನು ಹೊರದೇಶದಿಂದ ತರಿಸಬಹುದು. ಈ ತಿಳಿವಳಿಕೆಯನ್ನು ಇಲ್ಲಿಯೇ ಬೆಳೆಸಬೇಕು.

ನೀರಿನ ಗುಣದ ಪ್ರಶ್ನೆಯೂ ಇದೆ. ಗ್ರಾನೈಟು ಪ್ರದೇಶಗಳ ನೀರಿನಲ್ಲಿ ಫ್ಲೋರೈಡ್ ಸೇರಿಕೊಳ್ಳುವುದು ಸಾಮಾನ್ಯ. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಅದಿರಿನೊಡನೆ ಆರ್ಸೆನಿಕ್ ಇರುವ ಖನಿಜಗಳೂ ಇವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಮಾತ್ರ ಅವನ್ನು ಹಿಡಿಯಬಲ್ಲದು.

ದೇಶ ಕಟ್ಟಿದ ಸಂಸ್ಥೆಗಳು

ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, 1954ರಲ್ಲಿ, ಕೊಳವೆ ಬಾವಿಗಳ ಅನ್ವೇಷಣೆಗಾಗಿ ಕೇಂದ್ರ ಸರ್ಕಾರ ಒಂದು ಸಂಸ್ಥೆಯನ್ನು ಆರಂಭಿಸಿತು. ಅದೇ 1970ರಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯಾಯಿತು. 1972ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗ ಅದರೊಡನೆ ಸೇರಿತು. ಹೈದರಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಹುಟ್ಟಿತು.

ಯುನೆಸ್ಕೋ 1965ರಿಂದ 1974ರವರೆಗೆ ಅಂತರರಾಷ್ಟ್ರೀಯ ಜಲವಿಜ್ಞಾನ ದಶಕವನ್ನು ನಡೆಸಿತು. ಆ ದಶಕದಲ್ಲಿಯೇ, 1972ರಲ್ಲಿ, ರೂರ್ಕಿಯಲ್ಲಿ ಜಲವಿಜ್ಞಾನದ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. 1978ರಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯೂ ಅಲ್ಲಿಯೇ ಸ್ಥಾಪನೆಯಾಯಿತು. ಅದರ ಗಟ್ಟಿಶಿಲೆ ಪ್ರಾದೇಶಿಕ ಕೇಂದ್ರ ನಮ್ಮ ಬೆಳಗಾವಿಯಲ್ಲಿ 1987ರಿಂದ ಇದೆ.

1995ರಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲವಿಜ್ಞಾನ ಯೋಜನೆ ಆರಂಭವಾದಾಗ ಕರ್ನಾಟಕವೂ ಅದರಲ್ಲಿತ್ತು. ಮಟ್ಟ ಅಳೆಯಲೆಂದೇ ಬಾವಿಗಳನ್ನು ಕೊರೆಯಲಾಯಿತು. ಸಿಬ್ಬಂದಿಗೆ ತರಬೇತಿ ಕೊಡಲಾಯಿತು. ಅಂತರ್ಜಲ ಮಂಡಳಿಯದೇ ಆದ ತರಬೇತಿ ಮತ್ತು ಸಂಶೋಧನಾ ಸಂಸ್ಥೆ 1997ರಲ್ಲಿ ರಾಯಪುರದಲ್ಲಿ ತಲೆಯೆತ್ತಿತು. 1999ರಲ್ಲಿ ಹೈದರಾಬಾದಿನಲ್ಲಿ ಭಾರತ-ಫ್ರಾನ್ಸ್ ಅಂತರ್ಜಲ ಸಂಶೋಧನಾ ಕೇಂದ್ರ ಹುಟ್ಟಿ, ಮಹೇಶ್ವರಂ ಜಲಾನಯನದ ಗ್ರಾನೈಟನ್ನು ಅಧ್ಯಯನಕ್ಕೆ ಎತ್ತಿಕೊಂಡಿತು. ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳೊಡನೆ ರೈತರ ಹೊಲ, ಬಾವಿಗಳನ್ನೇ ಪ್ರಯೋಗಶಾಲೆ ಮಾಡಿಕೊಂಡರು. 2012ರಲ್ಲಿ ಆರಂಭವಾದ ರಾಷ್ಟ್ರೀಯ ಜಲಸ್ತರ ನಕ್ಷೆ ಕಾರ್ಯಕ್ರಮವು 2023ರ ಹೊತ್ತಿಗೆ ಸುಮಾರು 25 ಲಕ್ಷ ಚದರ ಕಿಲೋಮೀಟರು ಪ್ರದೇಶವನ್ನು ಮುಗಿಸಿತು.

ಭಾರತ ವರ್ಷಕ್ಕೆ ನೆಲದಿಂದ ಎತ್ತುವ ನೀರು ಸುಮಾರು 240 ಶತಕೋಟಿ ಘನ ಮೀಟರು. ಜಗತ್ತಿನಲ್ಲಿ ಬೇರಾವ ದೇಶವೂ ಇಷ್ಟು ಎತ್ತುವುದಿಲ್ಲ. ಅದರಲ್ಲಿ ಬಹುಪಾಲು ಬೇಸಾಯಕ್ಕೆ ಹೋಗುತ್ತದೆ. ಇಷ್ಟು ದೊಡ್ಡ ಖರ್ಚಿನ ಲೆಕ್ಕ ಇಡುವವರೂ ಅಷ್ಟೇ ಸಂಖ್ಯೆಯಲ್ಲಿ ಬೇಕಲ್ಲವೇ?

ತಾಲೂಕಿಗೆ ತಲುಪಬೇಕಾದ ವಿದ್ಯೆ

ರೂರ್ಕಿ, ರಾಯಪುರ, ಹೈದರಾಬಾದುಗಳಲ್ಲಿ ಸಂಸ್ಥೆಗಳಿದ್ದರೆ ಅರ್ಧ ಕೆಲಸವಾದಂತೆ. ಗಟ್ಟಿಶಿಲೆಯ ಸೀಮೆಯಲ್ಲಿ ಒಂದು ಊರಿನ ಬಾವಿ ಪಕ್ಕದ ಊರಿನ ಕಥೆ ಹೇಳುವುದಿಲ್ಲ. ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತಾರೆ. ಆದರೆ ಪ್ರತಿ ಹಳ್ಳಿಯಲ್ಲೂ ಅಂಥ ಬಾವಿ ಇರುವುದಿಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯಿದೆ ಅಂತರ್ಜಲದ ಬಳಕೆಗೆ ನಿಯಮಗಳನ್ನು ಹಾಕಿದೆ. ಆ ನಿಯಮ ನ್ಯಾಯವಾಗಿ ನಡೆಯಬೇಕಾದರೂ ಊರಿನ ನೀರಿನ ಮಟ್ಟ ಗೊತ್ತಿರಬೇಕು. ಅಂಕಿಯಿಲ್ಲದ ಕಡೆ ತೀರ್ಮಾನ ಮಾಡುವುದು ಊಹೆ, ಇಲ್ಲವೇ ಗಟ್ಟಿ ದನಿ.

ನೀವು ಮಾಡಬಹುದಾದ ಕೆಲಸ

ನಿಮ್ಮ ಶಾಲೆ ಅಥವಾ ಕಾಲೇಜಿನ ಹತ್ತಿರದ ತೆರೆದ ಬಾವಿಯೊಂದನ್ನು ಆರಿಸಿಕೊಳ್ಳಿ. ಕಟ್ಟೆಯ ಮೇಲೆ ಒಂದು ಗುರುತು ಮಾಡಿ. ತೂಕ ಕಟ್ಟಿದ ಅಳತೆಯ ಪಟ್ಟಿಯನ್ನು ಇಳಿಬಿಟ್ಟು, ಆ ಗುರುತಿನಿಂದ ನೀರಿನವರೆಗಿನ ಆಳವನ್ನು ಬರೆದಿಡಿ. ಅಧ್ಯಾಪಕರು ಜೊತೆಯಲ್ಲಿರಲಿ. ಬಾವಿಗೆ ಬಾಗಬೇಡಿ. ಪಂಪು ನಡೆಯುತ್ತಿರುವಾಗ ಅಳೆಯಬೇಡಿ. ಆಗ ಸಿಗುವುದು ನೆಲದ ಮಟ್ಟವಲ್ಲ, ಪಂಪು ಇಳಿಸಿದ ಮಟ್ಟ. ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ತಪ್ಪದೆ ಅಳೆಯಿರಿ. ಮಳೆಯ ಅಳತೆಯನ್ನೂ ಪಕ್ಕದಲ್ಲಿ ಬರೆಯಿರಿ.

ಒಂದು ವರ್ಷದ ಅಂಕಿ ಹೆಚ್ಚೇನೂ ಹೇಳದು. ನೀವು ಕಾಲೇಜು ಬಿಟ್ಟ ಮೇಲೆ ನಿಮ್ಮ ತಮ್ಮಂದಿರು, ತಂಗಿಯರು ಅದೇ ಪುಸ್ತಕದಲ್ಲಿ ಮುಂದುವರಿಸಿದರೆ ಹತ್ತು ವರ್ಷಗಳಲ್ಲಿ ಅದು ನಿಮ್ಮ ಊರಿನ ನೀರಿನ ಖಾತೆ ಪುಸ್ತಕವಾಗುತ್ತದೆ. ನಿಮ್ಮಲ್ಲಿ ಯಾರಾದರೂ ಮುಂದೆ ಧಾರವಾಡದಲ್ಲೋ ಮೈಸೂರಿನಲ್ಲೋ ಭೂವಿಜ್ಞಾನ ಓದಿ ಬಂದರೆ, ಆ ಪುಸ್ತಕ ಅವರಿಗಾಗಿ ಕಾದಿರುತ್ತದೆ. ಮುಂದಿನ ಕೊಳವೆ ಬಾವಿಗೆ ಸಾಲ ಮಾಡುವ ಮೊದಲು ಊರಿನ ರೈತರು ಅದನ್ನು ತೆರೆದು ನೋಡುವಂತಾಗಲಿ.