ಪಂಚಮದ ಕೆಳಗೆ ಸರಿಯುವ ನೆಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯುವುದು ಕಿವಿಯಿಂದ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಾಡಿದ ಸದ್ದು ಬಂದರೆ ಅದು ಮತ್ತೆ ಅಟ್ಟಕ್ಕೆ. ಲೊಟಲೊಟ ಎಂದು ಒಣಸದ್ದು ಬಂದರೆ ಸುಲಿಯುವುದಕ್ಕೆ.

ಅಂಥದೊಂದು ಅಟ್ಟದ ಕೆಳಗಿನ ಕೋಣೆಯಲ್ಲಿ ನಮ್ಮ ನೆಂಟರ ಹುಡುಗಿಯೊಬ್ಬಳು ಪಿಯಾನೊ ಕಲಿಯುತ್ತಿದ್ದಾಳೆ. 88 ಕೀಗಳ ಡಿಜಿಟಲ್ ಪಿಯಾನೊ, ಪಕ್ಕದಲ್ಲಿ ಪೆನ್ಸಿಲ್ ಗುರುತುಗಳಿಂದ ತುಂಬಿದ ಪುಸ್ತಕ. ಅವಳು ಕಲಿಯುತ್ತಿರುವುದು ಶೋಪಾನನ ರಚನೆಗಳು. ಪೋಲೆಂಡಿನಲ್ಲಿ ಹುಟ್ಟಿ, 1849ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಶೋಪಾನ್ ಯುರೋಪಿನ ರೊಮ್ಯಾಂಟಿಕ್ ಯುಗದ ಸಂಗೀತಗಾರ. ಬರೆದದ್ದೆಲ್ಲ ಹೆಚ್ಚುಕಡಿಮೆ ಪಿಯಾನೊಗಾಗಿಯೇ. ಈ ಸಂಗೀತದಲ್ಲಿ ಬೆರಳಿನ ವೇಗ ಎದ್ದು ಕಾಣುತ್ತದೆ. ಆದರೆ ಕಲಿಯುವವರ ದಿನಗಳು ಹೋಗುವುದು ಬೆರಳಿಗಲ್ಲ, ಕಿವಿಗೆ.

ಮೊದಲು ಲಯ. ಶೋಪಾನ್ 1834ರಲ್ಲಿ ಬರೆದ, ಅವನು ತೀರಿಕೊಂಡ ಮೇಲೆ 1855ರಲ್ಲಿ ಅಚ್ಚಾದ 'ಫ್ಯಾಂಟಸಿ ಇಂಪ್ರಾಂಪ್ಟು' ಎಂಬ ರಚನೆಯಲ್ಲಿ ಬಲಗೈ ನಾಲ್ಕು ಸ್ವರ ನುಡಿಸುವ ಹೊತ್ತಿನಲ್ಲಿ ಎಡಗೈ ಮೂರನ್ನು ನುಡಿಸಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಲಗೈ ಚತುರಶ್ರ, ಎಡಗೈ ತಿಶ್ರ; ಒಂದು 'ತಕದಿಮಿ' ಎನ್ನುವಾಗ ಇನ್ನೊಂದು ಅಷ್ಟೇ ಕಾಲದಲ್ಲಿ 'ತಕಿಟ' ಎನ್ನಬೇಕು. ಹುಡುಗಿ ಇದನ್ನು ಪಿಯಾನೊ ಮುಟ್ಟದೆ, ತೊಡೆಯ ಮೇಲೆ ತಟ್ಟಿ ಕಲಿತಳು. ಒಂದರಿಂದ ಹನ್ನೆರಡು ಎಣಿಸುವುದು. ಬಲಗೈ 1, 4, 7, 10ಕ್ಕೆ. ಎಡಗೈ 1, 5, 9ಕ್ಕೆ. ಎರಡೂ ಕೈ ಕೂಡುವುದು ಒಂದರಲ್ಲಿ ಮಾತ್ರ. ಬಸವನ ಹುಳುವಿನ ವೇಗದಲ್ಲಿ ಶುರುಮಾಡಿ, ದಿನಕ್ಕೆ ಚೂರು ಚೂರೇ ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಎಣಿಕೆ ತಾನಾಗಿ ಉದುರಿಹೋಗುತ್ತದೆ. ಆಮೇಲೆ ಎರಡು ಕೈಗಳು ಎರಡು ಹೊಳೆಗಳಂತೆ ಹರಿಯುತ್ತವೆ. ಎಣಿಸುತ್ತಲೇ ನುಡಿಸಿದರೆ ಅದು ಲೆಕ್ಕ, ಸಂಗೀತವಲ್ಲ.

ಇದರ ಮೇಲೆ 'ರುಬಾಟೊ' ಎಂಬುದೊಂದಿದೆ: ಒಂದು ಸ್ವರದಿಂದ ಕೊಂಚ ಕಾಲ ಕದ್ದು ಇನ್ನೊಂದಕ್ಕೆ ಕೊಡುವುದು. ಎಡಗೈ ಕಾಲ ತಪ್ಪಬಾರದು, ಬಲಗೈ ಹಾಡುತ್ತ ಹಿಂದೆ ಮುಂದೆ ಆಗಬಹುದು ಎಂದು ಶೋಪಾನ್ ಪಾಠ ಹೇಳುತ್ತಿದ್ದನೆಂದು ಅವನ ಶಿಷ್ಯರು ಬರೆದಿಟ್ಟಿದ್ದಾರೆ. ಮೃದಂಗ ಅಲುಗದೆ ನಿಂತಿರುವಾಗ ಹಾಡುವವರು ತುಸು ತಡೆದು ಎಡುಪಿಗೆ ಬಂದು ಸೇರುವುದನ್ನು ಕೇಳಿ ಬಲ್ಲವರಿಗೆ ಇದು ದೂರದ್ದೆನಿಸದು.

ನಿಜವಾಗಿ ಹೊಸದು ಹಾರ್ಮನಿ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಹುಟ್ಟುವ ಗೊಂಚಲಿಗೆ ಕಾರ್ಡ್ ಎನ್ನುತ್ತಾರೆ. ಗೊಂಚಲಿನಿಂದ ಗೊಂಚಲಿಗೆ ಸಾಗುವ ನಡೆಯೇ ಹಾರ್ಮನಿ. ನಮ್ಮಲ್ಲಿ ತಂಬೂರಿಯ ಶ್ರುತಿ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ. ಸ್ವರ ಗಮಕದಲ್ಲಿ ತೂಗುತ್ತದೆ. ಪಿಯಾನೊದಲ್ಲಿ ಗಮಕ ಸಾಧ್ಯವಿಲ್ಲ. ಅಲ್ಲಿ ಸ್ವರ ನಿಂತಲ್ಲೇ ನಿಲ್ಲುತ್ತದೆ, ನೆಲ ಸರಿಯುತ್ತದೆ.

1839ರಲ್ಲಿ ಅಚ್ಚಾದ ಶೋಪಾನನ ಇಪ್ಪತ್ತನಾಲ್ಕು ಪ್ರೆಲ್ಯೂಡುಗಳಲ್ಲಿ ನಾಲ್ಕನೆಯದು ಒಂದೇ ಪುಟದ ರಚನೆ. ಇ-ಮೈನರ್ ಶ್ರುತಿಯದು. ಇ ಎಂಬುದನ್ನು ಷಡ್ಜ ಎಂದುಕೊಂಡರೆ ಬಲಗೈ ಪಂಚಮದಲ್ಲಿ ಉದ್ದಕ್ಕೆ ನಿಂತು, ಶುದ್ಧ ಧೈವತವನ್ನು ಮುಟ್ಟಿ, ಮತ್ತೆ ಪಂಚಮಕ್ಕೆ ಬರುತ್ತದೆ. ಶುರುವಿನಲ್ಲಿ ಅಷ್ಟೇ. ಕೆಳಗೆ ಎಡಗೈ ಮೂರು ಸ್ವರಗಳ ಕಾರ್ಡನ್ನು ಮೆಲ್ಲಗೆ ಮಿಡಿಯುತ್ತಿರುತ್ತದೆ. ಆ ಮೂರರಲ್ಲಿ ಒಮ್ಮೆ ಒಂದು, ಒಮ್ಮೆ ಎರಡು ಸ್ವರ ಸದ್ದಿಲ್ಲದೆ ಒಂದು ಮೆಟ್ಟಿಲು ಇಳಿಯುತ್ತದೆ. ಉಳಿದದ್ದು ಹಾಗೇ ಇರುತ್ತದೆ. ನಾವು ಅಚಲ ಸ್ವರ ಎನ್ನುವ ಪಂಚಮಕ್ಕೆ ಈಗೊಂದು ನೋವು, ಆಗೊಂದು ಸಮಾಧಾನ. ಮೇಲಿನ ಸ್ವರವಂತೂ ಅದೇ.

ಇದು ಕಿವಿಗೆ ಬೀಳಬೇಕಾದರೆ ಒಂದೊಂದೇ ಎಳೆಯನ್ನು ಬಿಡಿಸಿ ನುಡಿಸಬೇಕು. ಹುಡುಗಿ ಮೊದಲು ಕೆಳಗಿನ ಸ್ವರಗಳನ್ನಷ್ಟೇ ನುಡಿಸಿ, ಜೊತೆಗೆ ಬಾಯಲ್ಲಿ ಹಾಡುತ್ತಾಳೆ. ಆಮೇಲೆ ನಡುವಿನ ಎಳೆ, ಆಮೇಲೆ ಮೇಲಿನದು. ಕೊನೆಗೆ ಮೂರನ್ನೂ ಕೂಡಿಸಿ, ಇಳಿಯುವ ಬೆರಳಿಗೆ ಮಾತ್ರ ಕೂದಲೆಳೆಯಷ್ಟು ಹೆಚ್ಚು ತೂಕ ಕೊಡುತ್ತಾಳೆ. ಒಂದು ಸಂಜೆ ಅವಳು, "ತಾತ, ಈಗ ಯಾವ್ದು ಇಳೀತು ಹೇಳು" ಎಂದಳು. ಅಟ್ಟದ ಏಣಿಯ ಬುಡದಲ್ಲಿ ಕೂತಿದ್ದ ಅಜ್ಜ ಕಣ್ಣು ಮುಚ್ಚಿ ಎರಡು ಸಲ ಕೇಳಿಸಿಕೊಂಡು, "ಮಧ್ಯದ್ದು ಕಣವ್ವ" ಎಂದರು. ಸರಿಯಾಗಿತ್ತು.

ಕಾಲಿಗೂ ಕೆಲಸವಿದೆ. ಬಲಗಾಲಿನ ಪೆಡಲ್ ಒತ್ತಿದರೆ ನಾದ ಆರದೆ ನಿಲ್ಲುತ್ತದೆ. ಕಾರ್ಡ್ ಬದಲಾದಾಗ ಪೆಡಲ್ ಬಿಡದಿದ್ದರೆ ಹಳೆಯದೂ ಹೊಸದೂ ಕಲಸಿಹೋಗುತ್ತವೆ. ಮೊದಲೇ ಬಿಟ್ಟರೆ ನಡುವೆ ಬಿರುಕು. ಕೈ ಹೊಸ ಕಾರ್ಡನ್ನು ಮುಟ್ಟಿದ ಗಳಿಗೆಯಲ್ಲೇ ಕಾಲು ಎದ್ದು, ಕೂಡಲೇ ಮತ್ತೆ ಒತ್ತಬೇಕು.

ಈ ಸಂಗೀತ ನಮ್ಮ ನಾಡಿಗೆ ಪರಕೀಯವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ (1919–1974) ಪಿಯಾನೊವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು. ರಷ್ಯಾದ ರೊಮ್ಯಾಂಟಿಕ್ ಪರಂಪರೆಯ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆ, ಬಡತನಗಳ ನಡುವೆ ಇದ್ದಾಗ, ಅವನ ರಚನೆಗಳನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ. ಅದೇ ಕಿವಿ ಮುಂದೆ ಕರ್ನಾಟಕ ಸಂಗೀತಕ್ಕೆ ತೊಂಬತ್ತನಾಲ್ಕು ಕೃತಿಗಳನ್ನು ಕೊಟ್ಟಿತು.

ಪ್ರೆಲ್ಯೂಡಿನ ಕೊನೆ ಬಾಕಿಯಿದೆ. ಇಳಿಯುತ್ತ ಬಂದ ಎಡಗೈ ಮಂದ್ರದಲ್ಲಿ, ಪಂಚಮಕ್ಕಿಂತ ಅರ್ಧ ಸ್ವರ ಕೆಳಗೆ, ಪ್ರತಿಮಧ್ಯಮದ ಜಾಗದಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ಮೌನ. ಎಷ್ಟು ಹೊತ್ತು ಎಂದು ಪುಸ್ತಕದಲ್ಲಿಲ್ಲ, ತಡೆಯಬೇಕೆಂಬ ಗುರುತು ಮಾತ್ರ ಇದೆ. ಹುಡುಗಿ ಬೆರಳುಗಳನ್ನು ಕೀಗಳ ಮೇಲೆಯೇ ಇಟ್ಟು, ನಾದ ಪೂರ್ತಿ ಆರುವುದನ್ನು ಕಾಯುತ್ತಾಳೆ. ಆಮೇಲೆ ತೀರ ಮೆಲ್ಲಗೆ ಮೂರು ಕಾರ್ಡುಗಳು: ಬುಡದಲ್ಲಿ ಪಂಚಮ, ಮತ್ತೆ ಪಂಚಮ, ಷಡ್ಜ.