ಎದೆ ಡವಗುಟ್ಟಿದರೆ ಹೆದರಬೇಕೆ?

ವಿಜಯಪುರದ ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆಗೆ ಸೈಕಲ್ ತುಳಿದು ತಯಾರಾಗುವ ಮಕ್ಕಳಿಗೆ ಸ್ಪರ್ಧೆಯ ದಿನ ನಾವು ಹೇಳುವುದು ಒಂದೇ: ‘ಹೆದರಬೇಡ, ಸಮಾಧಾನವಾಗಿರು.’ ಈ ಬುದ್ಧಿಮಾತು ಹೆಚ್ಚು ಕೆಲಸಕ್ಕೆ ಬಾರದು. ಎದೆಬಡಿತ ಏರುವುದು ಅಡ್ರಿನಲಿನ್ ಕೆಲಸ. ಸ್ನಾಯುಗಳಿಗೆ ರಕ್ತ ಹರಿಸಲು ಮೈ ಮಾಡಿಕೊಳ್ಳುವ ತಯಾರಿ. ಹಾರ್ವರ್ಡ್‌ನ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ‘ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ಹುರುಪು ಬಂದಿದೆ’ ಎಂದುಕೊಂಡವರೇ ಚೆನ್ನಾಗಿ ಭಾಷಣ ಮಾಡಿದರು. ಅದು ಮೈದಾನದ ಪ್ರಯೋಗವಲ್ಲ, ನಿಜ. ಆದರೆ ಡವಗುಟ್ಟುವ ಎದೆ ಎರಡೂ ಕಡೆ ಅದೇ.

ಬರೀ ಮಾತಿನಿಂದ ಧೈರ್ಯ ಬರುತ್ತದೆಯೇ ಎಂದು ಕೇಳಬಹುದು. ಬರುವುದಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ವಾದಿಸಿದಂತೆ, ಆತ್ಮವಿಶ್ವಾಸದ ಗಟ್ಟಿ ಬೇರು ಸ್ವತಃ ಮಾಡಿ ಗೆದ್ದ ಅನುಭವ. ನಮ್ಮ ವಿಜಯಪುರದ ಬೌಲರ್ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ, ಸೋತರೆ ಸೆಮಿಫೈನಲ್ ಇಲ್ಲ ಎಂಬಂತಿದ್ದ ಡರ್ಬಿ ಊರಿನ ಪಂದ್ಯದಲ್ಲಿ, ನ್ಯೂಜಿಲೆಂಡಿನ 5 ವಿಕೆಟ್‌ಗಳನ್ನು ಕೇವಲ 15 ರನ್ನಿಗೆ ಕಿತ್ತರು. ಅಂಥ ಹೊತ್ತಿನಲ್ಲಿ ಕೈ ನಡೆಸುವುದು ವರ್ಷಗಳ ಅಭ್ಯಾಸ. ಹಾಗಾದರೆ ಅಭ್ಯಾಸವೊಂದೇ ಸಾಕೇ? ಅದೇ ಭಾರತ ತಂಡ ಎಂಟು ದಿನಗಳ ನಂತರ ಲಾರ್ಡ್ಸ್ ಫೈನಲ್‌ನಲ್ಲಿ ಕೊನೆಯ 7 ವಿಕೆಟ್‌ಗಳನ್ನು 28 ರನ್ನಿಗೆ ಕಳೆದುಕೊಂಡು, 9 ರನ್ನಿನಿಂದ ಸೋತಿತು. ಆದ್ದರಿಂದ ಒತ್ತಡವೂ ಅಭ್ಯಾಸದ ಭಾಗವಾಗಬೇಕು: ವಾರಕ್ಕೊಮ್ಮೆಯಾದರೂ ಕೊನೆಯ ಕಿಲೋಮೀಟರನ್ನು ಜನರ ಎದುರು, ಸ್ಟಾಪ್‌ವಾಚ್ ಹಿಡಿದು ತುಳಿಸಿ. ನಿದ್ದೆ, ಊಟ ಕೆಡಿಸಿ ವಾರಗಟ್ಟಲೆ ಉಳಿಯುವ ಆತಂಕದ ಮಾತು ಬೇರೆ. ಅದನ್ನು ಹುರುಪು ಎಂದು ಕರೆಯದೆ ಮಗುವನ್ನು ವೈದ್ಯರ ಬಳಿ ಕರೆದೊಯ್ಯಿರಿ.