ಆರು ಕಿರಣಗಳ ಮೋಹನ

ದೊಡ್ಡಮ್ಮ ವೀಣೆ ಮುಟ್ಟದೆ ಎರಡು ವರ್ಷವಾಗಿತ್ತು. ಬೆರಳ ಗಂಟುಗಳಲ್ಲಿ ಊತ, ತಂತಿ ಒತ್ತಿದರೆ ಕಣ್ಣಲ್ಲಿ ನೀರು. ಸುಬ್ರಹ್ಮಣ್ಯದ ನಮ್ಮ ಮನೆಯ ಚಾವಡಿ ಮೂಲೆಯಲ್ಲಿ ವೀಣೆ ಬಟ್ಟೆ ಹೊದ್ದು ಕುಳಿತಿತ್ತು. ನಾನಾದರೋ ಅನಲಾಗ್ ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದು ಬ್ಯಾಕ್ ಉಳಿಸಿಕೊಂಡು, ನಾಲ್ಕನೇ ಸೆಮಿಸ್ಟರ್ ಮುಗಿಸಿ ರಜೆಗೆ ಬಂದವನು. 'ತಂತಿಯೇ ಇಲ್ಲದ ವಾದ್ಯ ಮಾಡಿಕೊಡ್ತೇನೆ ದೊಡ್ಡಮ್ಮ' ಎಂದು ಒಂದು ದಿನ ಹೇಳಿಬಿಟ್ಟೆ. ಮಾತು ಹೋದ ಮೇಲೆ ಮಾಡಲೇಬೇಕಲ್ಲ!

ಲೇಸರ್ ಹಾರ್ಪ್ ನನ್ನ ಕಲ್ಪನೆಯೇನಲ್ಲ. ಫ್ರೆಂಚ್ ಸಂಗೀತಗಾರ ಜ್ಯಾಂ ಮಿಷೆಲ್ ಜಾರ್ 1981ರಲ್ಲಿ ಚೀನಾದ ಕಛೇರಿಗಳಲ್ಲೇ ಇದನ್ನು ನುಡಿಸಿದ್ದರು. ಅವರ ವಾದ್ಯದ ಕಿರಣಗಳು ಬೀಸಣಿಗೆಯಂತೆ ಮೇಲಕ್ಕೆ ಹರಡುತ್ತವೆ. ಶಕ್ತಿ ಹೆಚ್ಚಾದ್ದರಿಂದ ಕೈಗವಸು ಬೇಕು. ನನ್ನದು ಬಡವರ ಹಾರ್ಪ್. ಅಡಿಕೆ ದಬ್ಬೆಯ ಚೌಕಟ್ಟು, ಮೇಲೆ 5 ಮಿಲಿವಾಟ್‌ನ ಕೆಂಪು ಲೇಸರ್‌ಗಳು, ಕೆಳಗೆ ಎಲ್‌ಡಿಆರ್‌ಗಳು. ಇಷ್ಟು ಸಣ್ಣ ಲೇಸರ್ ಕೂಡ ಕಣ್ಣಿಗೆ ನೇರ ಬೀಳಬಾರದು, ಅದಕ್ಕೇ ಕಿರಣ ಮೇಲಿನಿಂದ ಕೆಳಕ್ಕೆ.

ಎಲ್‌ಡಿಆರ್ ಮೇಲೆ ಬೆಳಕು ಬಿದ್ದರೆ ಅದರ ರೋಧ ಇಳಿಯುತ್ತದೆ, ಕೈ ಅಡ್ಡ ಬಂದರೆ ಏರುತ್ತದೆ. ಜೊತೆಗೆ 10 ಕಿಲೊಓಮ್‌ನ ರೆಸಿಸ್ಟರ್ ಸೇರಿಸಿದರೆ ಎರಡರ ನಡುವಿನ ವೋಲ್ಟೇಜ್ ಬದಲಾಗುತ್ತದೆ. ಆರ್ಡುಯಿನೊ ಅದನ್ನು 0ಯಿಂದ 1023ರೊಳಗಿನ ಸಂಖ್ಯೆಯಾಗಿ ಓದುತ್ತದೆ. ನನಗೆ ಬೆಳಕಿದ್ದಾಗ 900ರ ಆಸುಪಾಸು, ಕೈ ಅಡ್ಡ ಹಿಡಿದಾಗ 200 ಬರುತ್ತಿತ್ತು. 500ಕ್ಕಿಂತ ಕೆಳಗಿಳಿದರೆ ಸ್ವರ ನುಡಿ ಎಂದು ಪ್ರೋಗ್ರಾಂ ಬರೆದೆ. ಪರೀಕ್ಷೆಯಲ್ಲಿ ವೋಲ್ಟೇಜ್ ಡಿವೈಡರ್ ಸೂತ್ರವನ್ನು ಬಾಯಿಪಾಠ ಮಾಡಿ ಬರೆದಿದ್ದೆ. ಅದು ಏತಕ್ಕೆ ಎಂಬುದು ಗೊತ್ತಾದದ್ದು ಈ ಚಾವಡಿಯಲ್ಲಿ.

ಸ್ವರ ಏಳು, ಊನೊ ಬೋರ್ಡಿನಲ್ಲಿ ಅನಲಾಗ್ ಪಿನ್ ಆರೇ. ಮಲ್ಟಿಪ್ಲೆಕ್ಸರ್ ಚಿಪ್ ತರೋಣವೆಂದರೆ ಹೊರಗೆ ಆಟಿಯ ಮಳೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದರು: 'ಮೋಹನ ಮಾಡು ಮಾರಾಯ. ಸ ರಿ ಗ ಪ ದ, ಮತ್ತೆ ಮೇಲಿನ ಸ. ಆರೇ ಸಾಕಲ್ಲ?' ಷಡ್ಜವನ್ನು 240 ಹರ್ಟ್ಸ್‌ಗೆ ಇಟ್ಟು ಲೆಕ್ಕ ಹಾಕಿದೆ. ಉಳಿದವು 270, 300, 360, 400, 480. ಒಂದಕ್ಕೂ ದಶಮಾಂಶವಿಲ್ಲ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ಯಾರೂ ಮುಟ್ಟದೆಯೇ ಪಂಚಮ ಕೂಗತೊಡಗಿತು. ವಯರನ್ನೆಲ್ಲ ಬಿಚ್ಚಿ ನೋಡಿದೆ, ಪ್ರೋಗ್ರಾಂ ತಿದ್ದಿದೆ. ಕೊನೆಗೆ ನೋಡಿದರೆ ತಪ್ಪು ಮಳೆಯದು. ದಬ್ಬೆ ತೇವ ಕುಡಿದು ಬಾಗಿ, ಕಿರಣ ಎಲ್‌ಡಿಆರ್‌ನ ಪಕ್ಕಕ್ಕೆ ಬೀಳುತ್ತಿತ್ತು. ದಬ್ಬೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ವಾರ್ನಿಷ್ ಹೊಡೆದೆ. ಹಗಲು ಬೆಳಕು ಕೆಣಕದಂತೆ ಎಲ್‌ಡಿಆರ್‌ಗಳಿಗೆ ಕಪ್ಪು ಟೇಪ್ ಸುತ್ತಿದ ಸ್ಟ್ರಾ ತುಂಡು ತೊಡಿಸಿದೆ. ಇನ್ನೊಂದು ಬೇಸರ, ಕಿರಣ ಕಾಣುವುದೇ ಇಲ್ಲ. ಒಂದು ಸಂಜೆ ಬಚ್ಚಲೊಲೆಯ ಹೊಗೆ ಚಾವಡಿಗೆ ನುಗ್ಗಿತು ನೋಡಿ, ಆರು ಕೆಂಪು ತಂತಿಗಳು ಗಾಳಿಯಲ್ಲಿ ಎದ್ದು ನಿಂತವು. ಅಮ್ಮ ಬೈಯುತ್ತಾ ಬಂದವರು ಅಲ್ಲೇ ನಿಂತರು.

ದೊಡ್ಡಮ್ಮ ಬೆರಳು ಮಡಚಿಕೊಂಡೇ ಕೈಯನ್ನು ಕಿರಣಗಳ ನಡುವೆ ಆಡಿಸಿದರು. ಆರೋಹಣ, ಅವರೋಹಣ. ಹಳೆ ರೇಡಿಯೊದ ಸ್ಪೀಕರ್‌ನಿಂದ ಬಂದ ಸದ್ದು ಕಾಲಿಂಗ್ ಬೆಲ್‌ನಂತಿತ್ತು, ನಿಜ. ಆದರೆ ಅದು ಮೋಹನವೇ. ನಾಲ್ಕೈದು ಸಲ ನುಡಿಸಿ ನನ್ನ ಮುಖ ನೋಡಿದರು.

'ಗಮಕ ಎಲ್ಲಿ ಉಂಟು ಇದರಲ್ಲಿ?'

ನನ್ನಲ್ಲಿ ಉತ್ತರ ಇರಲಿಲ್ಲ. ವೀಣೆಯಲ್ಲಿ ತಂತಿ ಎಳೆದರೆ ಸ್ವರ ಬಾಗುತ್ತದೆ, ತೂಗುತ್ತದೆ. ನನ್ನ ಕಿರಣಕ್ಕೆ ಗೊತ್ತಿರುವುದು ಎರಡೇ: ಇದೆ, ಇಲ್ಲ.

ಕೈ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಸೆನ್ಸರ್ ಒಂದನ್ನು ಈಗ ತರಿಸಿದ್ದೇನೆ. ಕೈ ಮೇಲೆ ಕೆಳಗೆ ಆಡಿದಂತೆ ಹರ್ಟ್ಸ್ ಸ್ವಲ್ಪ ಏರಿಳಿಯಬೇಕು. ಮೊದಲು ಗಾಂಧಾರಕ್ಕೆ ಹಾಕಬೇಕು ಎಂದು ದೊಡ್ಡಮ್ಮನ ಆಜ್ಞೆ. ಬ್ಯಾಕ್ ಪರೀಕ್ಷೆಯೂ ಮುಂದಿನ ತಿಂಗಳೇ. ಸಂಜೆ ನಾನು ಓದಲು ಕೂತರೆ ಚಾವಡಿಯಿಂದ ಕಾಲಿಂಗ್ ಬೆಲ್ ಮೋಹನ ಶುರುವಾಗುತ್ತದೆ.